ಹೇಳದ ಪ್ರೀತಿಯನ್ನು ಗುರುತಿಸುವ ಬಗೆ: ತೆಕ್ಕಲಕೋಟೆಯ ಶಿಶುಸಮಾಧಿಗಳಿಂದ ಪಂಚಮಿಯ ಉಡಿಯವರೆಗೆ

ಪ್ರೀತಿ ಪ್ರಕಟವಾಗುವ ಬಗೆಗಳನ್ನು ಕುರಿತ ಇಂದಿನ ಚರ್ಚೆ ಬಹುಮಟ್ಟಿಗೆ ಗ್ಯಾರಿ ಚಾಪ್‌ಮನ್ 1992ರಲ್ಲಿ ಮಂಡಿಸಿದ ಐದರ ವಿಂಗಡಣೆಯನ್ನು ಆಧರಿಸಿದೆ: ಮೆಚ್ಚುಮಾತು, ಜೊತೆಗೆ ಕಳೆಯುವ ಹೊತ್ತು, ಉಡುಗೊರೆ, ಸೇವೆ, ಸ್ಪರ್ಶ. ದಂಪತಿಗಳಿಗೆ ನೀಡಿದ ಆಪ್ತಸಲಹೆಯಿಂದ ಹುಟ್ಟಿದ ಈ ವಿಂಗಡಣೆ, ಪ್ರೀತಿಸುವವರನ್ನೇ ಕೇಳಿ ತಿಳಿಯಬಹುದಾದ ಕಡೆ ಉಪಯುಕ್ತ. ಕೇಳಲು ಸಾಧ್ಯವಿಲ್ಲದ, ಅಥವಾ ಕೇಳಿದರೂ ಜನ ಬಾಯಿಬಿಟ್ಟು ಹೇಳದ ಕಡೆ ಪ್ರೀತಿಯನ್ನು ಯಾವ ಆಧಾರದಿಂದ ಗುರುತಿಸಬೇಕು? ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ ಈ ಪ್ರಶ್ನೆಗೆ ತಕ್ಕ ನೆಲೆ.

ಇಲ್ಲಿನ ಕಣಶಿಲೆಯ ಗುಡ್ಡಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪರವಾಗಿ ಎಂ. ಎಸ್. ನಾಗರಾಜ ರಾವ್ ಮತ್ತು ಕೆ. ಸಿ. ಮಲ್ಹೋತ್ರಾ ನಡೆಸಿದ ಉತ್ಖನನದ ವರದಿ 1965ರಲ್ಲಿ ಪ್ರಕಟವಾಯಿತು. ಕ್ರಿ.ಪೂ. 1700–1500ರ ಸುಮಾರಿನ ನವಶಿಲಾಯುಗದ ಜನ ಇಲ್ಲಿ ದುಂಡನೆಯ ಗುಡಿಸಲು ಕಟ್ಟಿಕೊಂಡು ದನ ಸಾಕಿ ಬಾಳಿದ್ದರು. ಅವರು ಸತ್ತವರನ್ನು ವಾಸದ ನೆಲೆಯೊಳಗೇ ಹೂಳಿದರು. ಎಳೆಗೂಸುಗಳನ್ನು ಮಡಕೆಗಳಲ್ಲಿ ಇಟ್ಟರು. ಈ ಪದ್ಧತಿ ತೆಕ್ಕಲಕೋಟೆಗೆ ಸೀಮಿತವಲ್ಲ. ಮಾರ್ಟಿಮರ್ ವೀಲರ್ 1947ರಲ್ಲಿ ಉತ್ಖನನ ಮಾಡಿದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಶಿಶುಗಳಿಗೆ ಮಡಕೆ, ದೊಡ್ಡವರಿಗೆ ಗುಂಡಿ. ಮಹಾರಾಷ್ಟ್ರದ ಇನಾಮಗಾಂವ್‌ನಲ್ಲಿ ಎರಡು ಮಡಕೆಗಳನ್ನು ಬಾಯಿಗೆ ಬಾಯಿ ಜೋಡಿಸಿ, ಅದರಲ್ಲಿ ಮಗುವನ್ನಿಟ್ಟು ಮನೆಯ ನೆಲದಡಿ ಹೂಳುತ್ತಿದ್ದರು.

ಇದನ್ನು ಪ್ರೀತಿ ಎನ್ನಬಹುದೆ? ಎರಡು ಆಕ್ಷೇಪಗಳಿವೆ. ಮಕ್ಕಳು ಸಾಯುವುದು ಸಾಮಾನ್ಯವಾಗಿದ್ದ ಕಾಲದಲ್ಲಿ ತಂದೆತಾಯಿ ಎಳೆಗೂಸುಗಳನ್ನು ಅತಿಯಾಗಿ ಹಚ್ಚಿಕೊಳ್ಳುತ್ತಿರಲಿಲ್ಲ ಎಂಬ ವಾದವನ್ನು ಫಿಲಿಪ್ ಆರಿಯೆಸ್ 1960ರಲ್ಲಿ ಯುರೋಪಿನ ಸಂದರ್ಭದಲ್ಲಿ ಮುಂದಿಟ್ಟರು. ಮಡಕೆ ಗರ್ಭದ ಸಂಕೇತವಿರಬಹುದು, ಮರುಹುಟ್ಟಿನ ನಂಬಿಕೆಯಷ್ಟೇ ಇಲ್ಲಿ ಕೆಲಸ ಮಾಡಿರಬಹುದು ಎಂಬುದು ಎರಡನೆಯದು. ಮೊದಲನೆಯದಕ್ಕೆ ಸಮಾಧಿಗಳೇ ಉತ್ತರ: ಲೆಕ್ಕಕ್ಕಿಲ್ಲದ ಕೂಸಿಗಾಗಿ ಯಾರೂ ಬಳಕೆಯ ಮಡಕೆಯನ್ನು ಬಿಟ್ಟುಕೊಟ್ಟು, ತಾವು ಓಡಾಡುವ ಜಾಗದಲ್ಲೇ ನೆಲ ಅಗೆಯುವುದಿಲ್ಲ. ಎರಡನೆಯದು ನಿಜವೇ ಆಗಿದ್ದರೂ ಪ್ರೀತಿಯನ್ನು ಅಲ್ಲಗಳೆಯುವುದಿಲ್ಲ. ಕೂಸು ಮರಳಿ ಬರಲಿ ಎಂಬ ನಂಬಿಕೆಯಲ್ಲೇ ಅದನ್ನು ಕಳೆದುಕೊಂಡವರ ಹಂಬಲವಿದೆ. ಸಾಮೀಪ್ಯ, ಶ್ರಮ, ಆ ವ್ಯಕ್ತಿಗೆಂದೇ ಮಾಡಿದ ಪ್ರತ್ಯೇಕ ಏರ್ಪಾಡು ಮೂರೂ ಒಟ್ಟಿಗೆ ಕಂಡಲ್ಲಿ ಪ್ರೀತಿಯನ್ನು ಗುರುತಿಸಬಹುದು ಎಂಬುದು ಈ ಲೇಖನದ ಪ್ರತಿಪಾದನೆ.

ಗತಕಾಲವನ್ನು ಅರಿಯಲು ವರ್ತಮಾನದ ನೆರವು ಪಡೆಯುವ ಕ್ರಮ ಈ ಊರಿಗೆ ಹೊಸದಲ್ಲ. ತೆಕ್ಕಲಕೋಟೆಯ ಬೋಯ ಸಮುದಾಯದವರ ಬದುಕಿನಲ್ಲಿ ನವಶಿಲಾಯುಗದ ಕೆಲವು ಅಂಶಗಳು ಉಳಿದುಬಂದಿರುವುದನ್ನು ನಾಗರಾಜ ರಾವ್ ಅವರೇ 1965ರಲ್ಲಿ ಚರ್ಚಿಸಿದ್ದರು. ಇಲ್ಲಿ ಮಾಡುವ ಹೋಲಿಕೆ ಪರಂಪರೆಯ ಮುಂದುವರಿಕೆಯನ್ನು ಸಾಧಿಸಲು ಅಲ್ಲ, ಮೇಲಿನ ಮಾನದಂಡವನ್ನು ಪರೀಕ್ಷಿಸಲು.

ಈ ಸೀಮೆಯಲ್ಲಿ ನಾಗರಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಹೆಣ್ಣುಮಗಳನ್ನು ತವರಿಗೆ ಕರೆತರುತ್ತಾನೆ. ಉಂಡಿ ಕಟ್ಟುತ್ತಾರೆ, ಜೋಕಾಲಿ ಹಾಕುತ್ತಾರೆ. ತಿರುಗಿ ಹೊರಟಾಗ ತಾಯಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತುತ್ತಿ, ಅರಿಶಿನ ಕೊಂಬು, ಎಲೆ ಅಡಿಕೆ, ಕುಬಸದ ಖಣ ಇಟ್ಟು ಉಡಿ ತುಂಬುತ್ತಾಳೆ. ಇಷ್ಟೂ ಪದ್ಧತಿಯ ಪಾಲು. ತಪ್ಪಿದರೆ ಊರು ಆಡಿಕೊಳ್ಳುತ್ತದೆ. ಆದರೆ ಒಡಕಿಲ್ಲದ ಬಟ್ಟಲನ್ನೇ ಆರಿಸುವುದು, ಮಗಳು ಚಿಕ್ಕಂದಿನಿಂದ ಇಷ್ಟಪಡುವ ಶೇಂಗಾ ಉಂಡಿಯನ್ನು ಬೇರೆ ಡಬ್ಬಿಯಲ್ಲಿ ತೆಗೆದಿಡುವುದು, ಅವಳಿಗೆ ಒಪ್ಪುವ ಬಣ್ಣದ ಖಣ ಹುಡುಕಿ ತರುವುದು ಯಾವ ಪದ್ಧತಿಯ ಕಟ್ಟಳೆಯೂ ಅಲ್ಲ. ಏನು ಕೊಡಬೇಕೆಂಬುದನ್ನು ಸಂಪ್ರದಾಯ ಹೇಳುತ್ತದೆ. ಹೇಗೆ ಕೊಡಬೇಕೆಂಬುದನ್ನು ತಾಯಿ ತನ್ನ ಮಗಳನ್ನು ನೋಡಿ ನಿರ್ಧರಿಸುತ್ತಾಳೆ.

ಚಾಪ್‌ಮನ್ನರ ವಿಂಗಡಣೆ ಇಲ್ಲಿ ಸಾಲದು. ಉಡಿ ಉಡುಗೊರೆಯೂ ಹೌದು, ಸೇವೆಯೂ ಹೌದು, ಹರಕೆಯೂ ಹೌದು. ಅದರಲ್ಲಿ ತಾಯಿ, ಅಣ್ಣ, ಅತ್ತಿಗೆ ಎಲ್ಲರ ಕೈ ಕೂಡಿರುತ್ತದೆ. ಇಂಥ ಪ್ರೀತಿಯನ್ನು ಇಬ್ಬರ ನಡುವಿನ ಮಾತಿನಲ್ಲಿ ಹುಡುಕಿದವರಿಗೆ ಅದು ಕಾಣದೇ ಹೋಗುತ್ತದೆ. ಕಾಣಲಿಲ್ಲವೆಂದು ನಮ್ಮ ಮನೆಗಳಲ್ಲಿ ಪ್ರೀತಿ ಕಡಿಮೆ ಎಂದು ತೀರ್ಮಾನಿಸುವುದು ದೊಡ್ಡ ಅನ್ಯಾಯ. ಆಚರಣೆಗಳನ್ನು ದಾಖಲಿಸುವವರು ಸಾಮಗ್ರಿಯ ಪಟ್ಟಿಗೆ ನಿಲ್ಲದೆ, ಅದನ್ನು ಯಾರು ಯಾರಿಗಾಗಿ ಹೇಗೆ ಆರಿಸಿದರೆಂಬುದನ್ನೂ ಬರೆದಿಡಬೇಕು. ಕರ್ತವ್ಯ ಮತ್ತು ಪ್ರೀತಿ ಒಂದೇ ಕ್ರಿಯೆಯಲ್ಲಿ ನೆಲೆಸಿರುವ ಸಮಾಜವನ್ನು ಅರಿಯಲು ಈ ವಿವರಗಳೇ ನಮಗಿರುವ ಗಟ್ಟಿ ಆಕರ.