ಹೆಸರೊತ್ತಿದ ಕೌದಿಗಳು

1840ರಲ್ಲಿ ಅಮೆರಿಕದಲ್ಲಿ ಜನಗಣತಿ ನಡೆದಾಗ ಗಣತಿದಾರರು ಬರೆದುಕೊಂಡದ್ದು ಮನೆಯ ಯಜಮಾನನ ಹೆಸರನ್ನು ಮಾತ್ರ. ಹೆಂಡತಿ, ಮಕ್ಕಳು, ಆಸರೆಗೆ ಬಂದಿದ್ದ ಅತ್ತೆ, ಮದುವೆಯಾಗದ ನಾದಿನಿ ಇವರೆಲ್ಲ ಇಂಥ ವಯಸ್ಸಿನ ಹೆಂಗಸರು ಇಷ್ಟು, ಗಂಡಸರು ಇಷ್ಟು ಎಂಬ ಅಂಕಿಗಳಾದರು. ತಾನೇ ಮನೆ ನಡೆಸುತ್ತಿದ್ದ ವಿಧವೆಯ ಹೆಸರು ದಫ್ತರಕ್ಕೆ ಬಂದರೆ ಬಂತು, ಉಳಿದ ಹೆಣ್ಣುಮಕ್ಕಳ ಹೆಸರು ಬರಲಿಲ್ಲ. ಮನೆಯಲ್ಲಿದ್ದ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರನ್ನೂ ಬರೆಯತೊಡಗಿದ್ದು 1850ರ ಗಣತಿಯಿಂದ.

ಅದೇ 1840ರ ದಶಕದಲ್ಲಿ, ನಾನೀಗ ಸಂಸಾರ ಹೂಡಿರುವ ಡೆಲವೇರ್ ನದಿಯ ಎರಡೂ ದಂಡೆಗಳಲ್ಲಿ, ಅಂದರೆ ಈ ಕಡೆಯ ನ್ಯೂಜೆರ್ಸಿಯಲ್ಲೂ ಆ ಕಡೆಯ ಫಿಲಡೆಲ್ಫಿಯಾದಲ್ಲೂ, ಹೆಣ್ಣುಮಕ್ಕಳು ತಮ್ಮ ಹೆಸರುಗಳನ್ನು ಬಟ್ಟೆಯ ಮೇಲೆ ಒತ್ತಿ ಉಳಿಸಿಕೊಂಡರು. ಒಬ್ಬೊಬ್ಬರೂ ಒಂದೊಂದು ಚೌಕ ಹೊಲಿದು ಅದರ ನಡುವಿನ ಬಿಳಿ ಪಟ್ಟಿಯಲ್ಲಿ ಹೆಸರು ಹಾಕಿಸುತ್ತಿದ್ದರು. ಚೌಕಗಳೆಲ್ಲ ಸೇರಿ ಒಂದು ಕ್ವಿಲ್ಟ್ ಆಗುತ್ತಿತ್ತು. ಧಾರವಾಡದ ಕೌದಿಯ ಕೆಳಗೆ ಮಲಗಿ ಬೆಳೆದ ನನಗೆ ಈ ದೇಶದ ಇತಿಹಾಸದಲ್ಲಿ ಮೊದಲು ಹತ್ತಿರದ್ದು ಅನ್ನಿಸಿದ್ದು ಈ ಹೆಸರಿನ ಕ್ವಿಲ್ಟುಗಳೇ.

ನಮ್ಮ ಊರಿನ ಸಣ್ಣ ಸಂಗ್ರಹಾಲಯದಲ್ಲಿ ಬಟ್ಟೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ನಾನು ಕೈಜೋಡಿಸುತ್ತೇನೆ. ಹಳೆಯ ಕ್ವಿಲ್ಟನ್ನು ಒಂದೇ ಮಡಿಕೆಯಲ್ಲಿ ಬಹುಕಾಲ ಇಡುವಂತಿಲ್ಲ. ಮಡಿಕೆಯ ಗೆರೆಯಲ್ಲೇ ನೂಲು ಕಡಿಯುತ್ತದೆ. ಹಾಗಾಗಿ ಆಗಾಗ ಬಿಚ್ಚಿ, ಹಾಸಿ, ಬೇರೆ ಕಡೆ ಮಡಿಸಬೇಕು. ಹಾಗೆ ಹಾಸಿದಾಗಲೇ ಹೆಸರುಗಳನ್ನು ಓದಲು ಸಿಗುವುದು. ಸುತ್ತ ಒಗೆದಷ್ಟೂ ಬಿಡದ ಟರ್ಕಿ ಕೆಂಪು, ಸಣ್ಣ ಹೂವಿನ ಚೀಟಿ ಬಟ್ಟೆ, ನಡುವೆ ಬಿಳಿ ಮಸ್ಲಿನ್. ಬಿಳಿಯ ಮೇಲೆ ಎಲೆಬಳ್ಳಿಯ ಒಂದು ಪುಟ್ಟ ಅಂಡಾಕಾರದ ಚೌಕಟ್ಟು, ಅದರೊಳಗೆ ಹೆಸರು. ಕೆಲವು ಚೌಕಗಳಲ್ಲಿ ಬಳ್ಳಿ ಒಂದು ಕಡೆ ದಟ್ಟವಾಗಿ, ಇನ್ನೊಂದು ಕಡೆ ತೆಳುವಾಗಿ ಮೂಡಿದೆ. ಒತ್ತಿದ ಕೈಯ ಭಾರ ಎತ್ತ ಬಿದ್ದಿತ್ತು ಎಂಬುದು ನೂರೆಂಬತ್ತು ವರ್ಷಗಳ ನಂತರವೂ ತಿಳಿಯುತ್ತದೆ.

ಇದಕ್ಕೆ ಮೊದಲೇ ಇಲ್ಲಿನ ಹುಡುಗಿಯರಲ್ಲಿ ಆಲ್ಬಮ್ ಪುಸ್ತಕದ ರೂಢಿ ಇತ್ತು. ಗೆಳತಿಯರಿಂದ ಹೆಸರು, ಒಂದೆರಡು ಸಾಲು ಹಾರೈಕೆ ಬರೆಸಿಕೊಂಡು ಪುಸ್ತಕವನ್ನು ಜೋಪಾನ ಮಾಡುತ್ತಿದ್ದರು. ಅದೇ ರೂಢಿ ಬಟ್ಟೆಗೆ ದಾಟಿತು. ಇಂಥ ಕ್ವಿಲ್ಟುಗಳಿಗೆ ಆಲ್ಬಮ್ ಕ್ವಿಲ್ಟ್ ಎಂದೂ ಗೆಳೆತನದ ಕ್ವಿಲ್ಟ್ ಎಂದೂ ಹೆಸರಾಯಿತು. ಡೆಲವೇರ್ ಕಣಿವೆಯ ಕ್ವೇಕರ್ ಎಂಬ ಕ್ರೈಸ್ತ ಪಂಥದ ಕುಟುಂಬಗಳಲ್ಲಿ ಇದು ಬಹಳ ಬೇಗ ಹಬ್ಬಿತು. ಬಾಲ್ಟಿಮೋರ್‌ನಲ್ಲಿ ಸುಮಾರು 1845ರಿಂದ 1855ರವರೆಗೆ ಹೂಬುಟ್ಟಿ, ಹಕ್ಕಿ, ಹಡಗುಗಳನ್ನು ಕತ್ತರಿಸಿ ಹೊಲಿದ ಬಹು ಶ್ರೀಮಂತ ಆಲ್ಬಮ್ ಕ್ವಿಲ್ಟುಗಳು ಬಂದವು. ನನ್ನ ಮನಸ್ಸು ಮಾತ್ರ ನಮ್ಮ ಕಡೆಯ ಸರಳ ಚೌಕಗಳ ಮೇಲೆಯೇ. ಅವುಗಳಲ್ಲಿ ಅಲಂಕಾರ ಕಡಿಮೆ, ಹೆಸರೇ ಮುಖ್ಯ.

ಬಟ್ಟೆಯ ಮೇಲೆ ಲೇಖನಿಯಿಂದ ಬರೆಯುವುದು ಸುಲಭವಲ್ಲ. ನೇಯ್ಗೆಯ ಎಳೆಗಳಿಗೆ ಲೇಖನಿಯ ಮೊನೆ ಸಿಕ್ಕಿಕೊಳ್ಳುತ್ತದೆ, ಶಾಯಿ ಹರಡುತ್ತದೆ. ಅದಕ್ಕೇ ಎಷ್ಟೋ ಕ್ವಿಲ್ಟುಗಳಲ್ಲಿ ಅಕ್ಷರ ದುಂಡಗಿದ್ದ ಒಬ್ಬರೇ ಎಲ್ಲರ ಹೆಸರನ್ನೂ ಬರೆದಿದ್ದಾರೆ. ಬರವಣಿಗೆಯ ಕೈ ಇಲ್ಲದವರಿಗೆ ಎರಡು ದಾರಿಗಳಿದ್ದವು. ಒಂದು, ತೆಳು ಹಿತ್ತಾಳೆ ಅಥವಾ ತಾಮ್ರದ ತಗಡಿನಲ್ಲಿ ಹೆಸರನ್ನು ಕೊರೆಸಿ, ಆ ಕಂಡಿಗಳ ಮೂಲಕ ಕುಂಚದಿಂದ ಶಾಯಿ ತಟ್ಟುವುದು. ಇನ್ನೊಂದು ಲೋಹದ ಮುದ್ರೆ. ಬಳ್ಳಿಯ ಅಥವಾ ಪಟ್ಟಿಯ ಚೌಕಟ್ಟಿನ ನಡುವೆ ಒಂದು ಸಂದು; ಅದರಲ್ಲಿ ಮುದ್ರಣಾಲಯದ ಪುಟ್ಟ ಮೊಳೆಗಳನ್ನು ಜೋಡಿಸಿದರೆ ಒಬ್ಬಳ ಹೆಸರು, ಬಿಚ್ಚಿ ಜೋಡಿಸಿದರೆ ಇನ್ನೊಬ್ಬಳದು. ಮುದ್ರೆಯೆಂದರೆ ಅರಸರಿಗೂ ಕಚೇರಿಗಳಿಗೂ ಸೇರಿದ ವಸ್ತು ಎಂದುಕೊಂಡಿದ್ದೆವಲ್ಲ, ಇಲ್ಲಿ ಅದು ಹೊಲಿಗೆಯ ಬುಟ್ಟಿಗೆ ಬಂದಿತ್ತು. ಇದ್ದಿಲು ಮಾರುವವನ ಮಗಳ ಹೆಸರೂ ವಕೀಲನ ಹೆಂಡತಿಯ ಹೆಸರೂ ಅದೇ ಬಳ್ಳಿಯೊಳಗೆ, ಅದೇ ಅಳತೆಯಲ್ಲಿ ಮೂಡುವಂತಾಯಿತು.

ಮುದ್ರೆಯಷ್ಟೇ ಮುಖ್ಯವಾದದ್ದು ಶಾಯಿ. ಕಬ್ಬಿಣದ ಉಪ್ಪು ಮತ್ತು ಒಗರು ಕಾಯಿಯಿಂದ ಮಾಡಿದ ಹಳೆಯ ಶಾಯಿ ಕಾಗದಕ್ಕೆ ಸರಿ, ಬಟ್ಟೆಗೆ ಶತ್ರು. ಅಕ್ಷರ ಬಿದ್ದ ಜಾಗದಲ್ಲೇ ಬಟ್ಟೆ ತಿಂದುಹೋಗಿ, ಹೆಸರಿನ ಆಕಾರದಲ್ಲಿ ತೂತು ಉಳಿಯುತ್ತದೆ. ಬಟ್ಟೆಗೆಂದೇ ಇದ್ದದ್ದು ಬೆಳ್ಳಿಯ ನೈಟ್ರೇಟ್ ಬೆರೆಸಿದ ಶಾಯಿ. ಮೊದಲು ಬಟ್ಟೆಗೆ ಸೋಡಾ ಮತ್ತು ಗೋಂದಿನ ನೀರು ಹಚ್ಚಿ, ಒಣಗಿಸಿ, ಇಸ್ತ್ರಿ ಮಾಡಿ, ಅದರ ಮೇಲೆ ಬರೆದು ಬಿಸಿಲಿಗೆ ಹಿಡಿಯುತ್ತಿದ್ದರು. ಬಿಸಿಲು ತಾಗಿದಂತೆ ಬಣ್ಣವಿಲ್ಲದ ಬರಹ ಕಪ್ಪಾಗುತ್ತಿತ್ತು, ಆಮೇಲೆ ಸಾಬೂನಿಗೂ ಕುದಿನೀರಿಗೂ ಜಗ್ಗುತ್ತಿರಲಿಲ್ಲ. 1830ರ ದಶಕದ ಹೊತ್ತಿಗೆ ಇಂಥ ಶಾಯಿಗಳು ಸುಧಾರಿಸಿ, ಸೀಸೆಗಳಲ್ಲಿ ಅಂಗಡಿಗೆ ಬಂದವು. ಹೆಸರಿನ ಕ್ವಿಲ್ಟುಗಳು ಅದರ ಬೆನ್ನಿಗೇ ಹಬ್ಬಿದ್ದು ಆಕಸ್ಮಿಕವಲ್ಲ.

ಮೈಸೂರಿನಲ್ಲಿ ಓದಿದ ನನಗೆ ಈ ಬೆಳ್ಳಿಯ ಶಾಯಿ ಹೊಸದಲ್ಲ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಕಾರ್ಖಾನೆ, ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ತಯಾರಿಸುತ್ತ ಬಂದಿದೆ. ಅದರ ಜೀವಾಳವೂ ಬೆಳ್ಳಿಯ ನೈಟ್ರೇಟೇ. ಬೆಳಕಿಗೆ ಕಪ್ಪಾಗುವ, ತೊಳೆದರೆ ಹೋಗದ ಆ ಒಂದೇ ಗುಣ ಫಿಲಡೆಲ್ಫಿಯಾದ ಹೆಣ್ಣುಮಕ್ಕಳ ಹೆಸರನ್ನೂ ಕಾಯಿತು, ನಮ್ಮವರ ಮತವನ್ನೂ ಕಾಯುತ್ತಿದೆ. ಬಟ್ಟೆಗೆ ಅಳಿಯದ ಗುರುತು ಹಾಕುವ ವಿದ್ಯೆ ನಮ್ಮಲ್ಲಿ ಅದಕ್ಕಿಂತ ಹಳೆಯದು. ಅಗಸರು ಕರಿಗೇರು ಕಾಯಿಯ ರಸಕ್ಕೆ ಸುಣ್ಣ ಸೇರಿಸಿ ಗಿರಾಕಿಗಳ ಬಟ್ಟೆಗೆ ಗುರುತು ಹಾಕುತ್ತಿದ್ದರು. ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳಿಸುವ ರಸ ಅದು. ಬಟ್ಟೆಯ ಮೇಲಿನ ಅದರ ಗುರುತು ಬಟ್ಟೆ ಹರಿಯುವವರೆಗೂ ಇರುತ್ತಿತ್ತು.

ಹೆಸರುಗಳನ್ನು ಇಷ್ಟು ಭದ್ರವಾಗಿ ಉಳಿಸಿಕೊಳ್ಳುವ ಅಗತ್ಯವಾದರೂ ಏನಿತ್ತು? ಊರು ಬಿಡುವ ಕಾಲ ಅದು. 1843ರಿಂದ ಸಂಸಾರಗಳು ಗಾಡಿ ಕಟ್ಟಿಕೊಂಡು ಗುಂಪುಗುಂಪಾಗಿ ಒರೆಗಾನ್ ಕಡೆಗೆ ತಿಂಗಳುಗಟ್ಟಲೆಯ ದಾರಿ ಹಿಡಿದವು. ಓಹಾಯೊ, ಇಂಡಿಯಾನಾಗಳಿಗೆ ಹೋಗುವವರು ಮೊದಲಿನಿಂದಲೂ ಇದ್ದರು. ಹೋದ ಮಗಳು ತಿರುಗಿ ತವರಿಗೆ ಬರುವ ಭರವಸೆ ಇರಲಿಲ್ಲ. ಅವಳ ಗಾಡಿಯಲ್ಲಿ ತಾಯಿ, ಚಿಕ್ಕಮ್ಮ, ಅಕ್ಕಂದಿರು, ಓರಗಿತ್ತಿಯರು, ಶಾಲೆಯ ಗೆಳತಿಯರು ಎಲ್ಲರೂ ಹೆಸರಾಗಿ ಜೊತೆಗೆ ಹೋಗುತ್ತಿದ್ದರು. ಇಪ್ಪತ್ತರ ಹರೆಯದಲ್ಲಿ ಎರಡು ಪೆಟ್ಟಿಗೆ ಹಿಡಿದು ವಿಮಾನ ಹತ್ತಿದ ನಾನು ಇದನ್ನು ಪುಸ್ತಕ ಓದಿ ತಿಳಿಯಬೇಕಿರಲಿಲ್ಲ.

ಆ ಬಿಳಿ ಮಸ್ಲಿನ್ನಿನ ಹತ್ತಿ ಎಲ್ಲಿಂದ ಬಂತು ಎಂಬುದನ್ನೂ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ಬಹುಪಾಲು ದಕ್ಷಿಣದ ರಾಜ್ಯಗಳಲ್ಲಿ ಗುಲಾಮರು ಬಿಡಿಸಿದ ಹತ್ತಿ ಅದು. ಕೆಲವು ಕ್ವೇಕರರು ಇದನ್ನು ಸಹಿಸದೆ, ಗುಲಾಮರ ದುಡಿಮೆ ಸೇರದ ಹತ್ತಿಬಟ್ಟೆ ಮತ್ತು ಸಕ್ಕರೆ ಮಾತ್ರ ಕೊಳ್ಳುವ ವ್ರತ ಹಿಡಿದರು. ಅದಕ್ಕೆಂದೇ ಫಿಲಡೆಲ್ಫಿಯಾದಲ್ಲಿ ಅಂಗಡಿಗಳೂ ನಡೆದವು. 1836ರಲ್ಲಿ ಬಾಸ್ಟನ್ನಿನ ಗುಲಾಮಗಿರಿ ವಿರೋಧಿ ಮೇಳಕ್ಕೆ ಲೇಖಕಿ ಲಿಡಿಯಾ ಮರಿಯಾ ಚೈಲ್ಡ್ ಒಂದು ತೊಟ್ಟಿಲ ಕ್ವಿಲ್ಟ್ ಹೊಲಿದುಕೊಟ್ಟರು. ಅದರ ನಡುವಿನ ನಕ್ಷತ್ರದ ಮೇಲೆ, ಮಗುವನ್ನು ಕಿತ್ತುಕೊಂಡು ಮಾರಿದಾಗಿನ ಗುಲಾಮ ತಾಯಿಯನ್ನು ನೆನೆಯುವ ಪದ್ಯ ಶಾಯಿಯಲ್ಲಿದೆ. 1850ರಲ್ಲೂ 1860ರಲ್ಲೂ ಸರ್ಕಾರ ಗುಲಾಮರಿಗೆಂದು ಬೇರೆಯೇ ಪಟ್ಟಿ ಮಾಡಿತು. ಅಲ್ಲಿ ಬರೆದದ್ದು ಒಡೆಯನ ಹೆಸರು. ಅದರ ಕೆಳಗೆ ಸಾಮಾನ್ಯವಾಗಿ ಅವರ ವಯಸ್ಸು, ಲಿಂಗ, ಬಣ್ಣ ಮಾತ್ರ. ಅವರೆಲ್ಲರ ಹೆಸರು ಜನಗಣತಿಗೆ ಬಂದದ್ದು 1870ರಲ್ಲಿ. ಹತ್ತಿ ಬಿಡಿಸಿದ ಕೈಗಳ ಹೆಸರು ಇಲ್ಲದ ಬಟ್ಟೆಯ ಮೇಲೆ ಹೊಲಿದ ಕೈಗಳ ಹೆಸರು ಇದೆ ಎಂಬ ಅರಿವಿನಿಂದಲೇ ನಾನು ಈ ಕ್ವಿಲ್ಟುಗಳನ್ನು ಓದುತ್ತೇನೆ.

ಮತ್ತೆ ಮುದ್ರೆಯ ಮಾತಿಗೆ ಬಂದರೆ, ಲೋಹದ ಜಾಗಕ್ಕೆ ರಬ್ಬರ್ ಬಂದದ್ದು ಈ ದಶಕಗಳಲ್ಲೇ. ಹಸಿ ರಬ್ಬರ್ ಬೇಸಿಗೆಯಲ್ಲಿ ಅಂಟಾಗಿ, ಚಳಿಯಲ್ಲಿ ಗಡುಸಾಗುತ್ತಿತ್ತು. ಗಂಧಕ ಬೆರೆಸಿ ಕಾಯಿಸಿದರೆ ಅದು ಹದಕ್ಕೆ ಬರುತ್ತದೆಂದು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡು 1844ರಲ್ಲಿ ಪೇಟೆಂಟ್ ಪಡೆದರು. ಮುಂದೆ ದಂತವೈದ್ಯರು ಕಟ್ಟುಹಲ್ಲಿನ ತಳವನ್ನು ರಬ್ಬರಿನಿಂದ ಮಾಡತೊಡಗಿದಾಗ, ಅದನ್ನು ಹಬೆಯಲ್ಲಿ ಬೇಯಿಸಲು ಪುಟ್ಟ ಒತ್ತಡದ ಪಾತ್ರೆಗಳು ಬಂದವು. 1860ರ ದಶಕದಲ್ಲಿ ಮೊದಮೊದಲ ರಬ್ಬರ್ ಸ್ಟ್ಯಾಂಪುಗಳು ಬೆಂದದ್ದು ಇಂಥ ಹಲ್ಲಿನ ಪಾತ್ರೆಗಳಲ್ಲೇ. ಅಕ್ಷರದ ಮೊಳೆ ಜೋಡಿಸಿ, ಅದರ ಮೇಲೆ ಪ್ಲಾಸ್ಟರಿನ ಅಚ್ಚು ತೆಗೆದು, ಅಚ್ಚಿಗೆ ರಬ್ಬರ್ ಒತ್ತಿ ಬೇಯಿಸಿದರೆ ಮುದ್ರೆ ಸಿದ್ಧ. ಲೋಹಕ್ಕಿಂತ ಅಗ್ಗ, ಒರಟು ಬಟ್ಟೆಯ ಏರಿಳಿತಕ್ಕೂ ಹೊಂದಿಕೊಳ್ಳುವಂಥದ್ದು.

ಅದೇ ದಶಕದ ಅಂತರ್ಯುದ್ಧದಲ್ಲಿ ಕ್ವಿಲ್ಟುಗಳ ಮೇಲೆ ಬೇರೊಂದು ಬಗೆಯ ಮುದ್ರೆ ಬಿತ್ತು. ಗಾಯಾಳು ಸೈನಿಕರ ಆರೈಕೆಗೆಂದು 1861ರಲ್ಲಿ ಹುಟ್ಟಿದ ಸ್ಯಾನಿಟರಿ ಕಮಿಷನ್ನಿಗೆ ಉತ್ತರದ ಹೆಂಗಸರು ರಾಶಿರಾಶಿ ಕ್ವಿಲ್ಟುಗಳನ್ನು ಹೊಲಿದು ಕಳಿಸಿದರು. ಉಳಿದಿರುವ ಕೆಲವೇ ಕ್ವಿಲ್ಟುಗಳಲ್ಲಿ ಕಮಿಷನ್ನಿನ ಶಾಯಿಯ ಮುದ್ರೆ ಕಾಣುತ್ತದೆ. ಹೊಲಿದ ಕೆಲವು ಹೆಂಗಸರು ಅಷ್ಟಕ್ಕೇ ಸುಮ್ಮನಿರಲಿಲ್ಲ. ತಮ್ಮ ಹೆಸರನ್ನೂ ಊರನ್ನೂ, ಕಾಣದ ಸೈನಿಕನಿಗೆ ಎರಡು ಮಾತನ್ನೂ ಚೌಕಗಳಲ್ಲಿ ಬರೆದೇ ಕಳಿಸಿದರು. ಯುದ್ಧದ ನಂತರ ಹೆಸರಿನ ಕ್ವಿಲ್ಟ್ ಚಂದಾ ಎತ್ತುವ ದಾರಿಯಾಯಿತು. ಒಂದು ಹೆಸರು ಹಾಕಿಸಲು ಇಷ್ಟು ಸೆಂಟು ಎಂದು ವಸೂಲು ಮಾಡಿ ಚರ್ಚು ಕಟ್ಟಿದರು, ಪಾನನಿರೋಧದ ಚಳವಳಿ ನಡೆಸಿದರು, ಮೊದಲ ಮಹಾಯುದ್ಧದಲ್ಲಿ ರೆಡ್ ಕ್ರಾಸ್‌ಗೆ ಹಣ ಕೂಡಿಸಿದರು.

ಚಂದಾಗೆಂದು ಹಾಕಿಸಿದ ಆ ಹೆಸರುಗಳ ಬೆಲೆ ಮುಂದೆ ತಿಳಿಯಿತು. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿದ್ದು 1890ರ ಜನಗಣತಿಯ ದಾಖಲೆಗಳು ಬಹುಮಟ್ಟಿಗೆ ಹಾಳಾದವು. ಆ ದಶಕದ ಊರೊಂದರಲ್ಲಿ ಯಾರ್ಯಾರು ಇದ್ದರು ಎಂದು ಹುಡುಕುವವರಿಗೆ ಚರ್ಚಿನ ದಫ್ತರ, ಸಮಾಧಿಯ ಕಲ್ಲುಗಳ ಜೊತೆಗೆ ಹೆಸರಿನ ಕ್ವಿಲ್ಟುಗಳೂ ಆಧಾರವಾಗಿವೆ. ಸರ್ಕಾರದ ಕಾಗದ ಸುಟ್ಟ ಕಡೆ ಹೆಂಗಸರ ಬಟ್ಟೆ ಸಾಕ್ಷಿ ಹೇಳುತ್ತಿದೆ.

ರಬ್ಬರ್ ಮುದ್ರೆಯಿಂದ ಬಟ್ಟೆಗೆ ಹೆಸರೊತ್ತುವ ಕೆಲಸವನ್ನು ಈಗ ನಾನೂ ನನ್ನ ಗೆಳತಿಯರೂ ಮಾಡುತ್ತೇವೆ. ಬಟ್ಟೆಯನ್ನು ಮೊದಲು ಒಗೆದು ಗಂಜಿ ಬಿಡಿಸಬೇಕು, ಇಲ್ಲದಿದ್ದರೆ ಶಾಯಿ ಗಂಜಿಗೆ ಹಿಡಿದು ನೂಲಿಗೆ ಇಳಿಯುವುದಿಲ್ಲ. ಒಂದು ಬದಿಗೆ ಪ್ಲಾಸ್ಟಿಕ್ ಲೇಪವಿರುವ ಫ್ರೀಜರ್ ಕಾಗದವನ್ನು ಬಟ್ಟೆಯ ಹಿಂದೆ ಇಸ್ತ್ರಿಯಿಂದ ಅಂಟಿಸಿದರೆ ಬಟ್ಟೆ ಜಾರದು. ಸಾಂಗಾನೇರ್, ಬಗ್ರು ಊರುಗಳಲ್ಲಿ ಬಟ್ಟೆಗೆ ಒತ್ತುವ ಕಟ್ಟಿಗೆ ಅಚ್ಚಿಗೆ ಗೋಣಿ, ಬಟ್ಟೆಗಳ ಪದರ ಹಾಸಿದ ಮೆತ್ತನೆಯ ಮೇಜು ಬೇಕು. ರಬ್ಬರ್ ತಾನೇ ಮೆತ್ತಗಿರುವುದರಿಂದ ಇದಕ್ಕೆ ಗಟ್ಟಿ ಮೇಜೇ ಸರಿ. ಬಟ್ಟೆಗೆಂದೇ ಇರುವ ಶಾಯಿಯನ್ನು ಮುದ್ರೆಗೆ ತಟ್ಟಿ, ನೇರ ಇಳಿಸಿ, ಅಲುಗದಂತೆ ಒತ್ತಿ, ನೇರ ಎತ್ತಬೇಕು. ಒಣಗಿದ ಮೇಲೆ ಬಿಸಿ ಇಸ್ತ್ರಿ ಹಾಯಿಸಿದರೆ ಬಣ್ಣ ನಿಲ್ಲುತ್ತದೆ. ಕನ್ನಡದ ಹೆಸರುಗಳಿಗೆ ಇಲ್ಲಿ ಸಿಗುವ ಬಿಡಿ ಅಕ್ಷರಗಳ ಡಬ್ಬಿ ಉಪಯೋಗಕ್ಕೆ ಬರುವುದಿಲ್ಲ. ಲಕ್ಷ್ಮಿಯ ಒತ್ತಕ್ಷರ ಎಲ್ಲಿ ಕೂರಬೇಕು? ಅದಕ್ಕೆ ಊರಿಗೆ ಹೋದಾಗ ಕಚೇರಿಯ ಎದುರಿನ ಸ್ಟ್ಯಾಂಪ್ ಅಂಗಡಿಯಲ್ಲಿ ಇಡೀ ಹೆಸರನ್ನೇ ಒಂದು ಮುದ್ರೆಯಾಗಿ ಮಾಡಿಸಿಕೊಂಡು ಬರುತ್ತೇನೆ.

ನಮ್ಮ ಕೌದಿಗಳಲ್ಲಿ ಹೆಸರಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ತಾವು ಕವಂದಿ ಎನ್ನುವ ಕೌದಿಯ ನಾಲ್ಕು ಮೂಲೆಗೆ ಬಟ್ಟೆಯ ಹೂ ಕೂರಿಸದೆ ಕೆಲಸ ಮುಗಿಸುವುದಿಲ್ಲ. ಮೂಲೆಯಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುವ ಅವರ ಹೊಲಿಗೆಯಲ್ಲಿ ಒಬ್ಬೊಬ್ಬಳ ಕೈಯೂ ಬೇರೆ. ನಮ್ಮ ಅಜ್ಜಿ ಹೊಲಿದ ಕೌದಿಯ ಪದರಗಳಲ್ಲಿ ಯಾರ ಇಳಕಲ್ ಸೀರೆ, ಯಾರ ಧೋತರ ಇದೆ ಎಂದು ಹೇಳಬಲ್ಲವರು ನಮ್ಮ ಮನೆಯಲ್ಲಿ ಈಗ ಯಾರೂ ಉಳಿದಿಲ್ಲ.

ಇಂದು ಕೌದಿಗಳು ಮೇಳಗಳಿಗೂ ದೊಡ್ಡ ಅಂಗಡಿಗಳಿಗೂ ಬರುತ್ತಿವೆ, ಮಾರುವ ಸಂಸ್ಥೆಯ ಪಟ್ಟಿ ಅವುಗಳ ಅಂಚಿನಲ್ಲಿರುತ್ತದೆ. ಸಂಸ್ಥೆಯ ಹೆಸರು ಇರಲಿ. ಅದರ ಪಕ್ಕದಲ್ಲಿ ಹೊಲಿದವಳ ಹೆಸರು, ಊರು, ವರ್ಷ ಈ ಮೂರನ್ನೂ ಒತ್ತಬೇಕು. ಅಕ್ಷರ ಬಾರದಿದ್ದರೂ ಆಕೆ ತನ್ನ ಮುದ್ರೆಯನ್ನು ತಾನೇ ಒತ್ತಬಲ್ಲಳು. ಒಂದು ರಬ್ಬರ್ ಸ್ಟ್ಯಾಂಪಿಗೆ ತಗಲುವ ಖರ್ಚು ಒಂದು ಕೌದಿಯ ಬೆಲೆಯ ಮುಂದೆ ಏನೂ ಅಲ್ಲ. ಮನೆಯಲ್ಲಿ ಹೊಲಿಯುವವರೂ ಹೀಗೆಯೇ ಮಾಡಲಿ. ಅಮ್ಮ, ಅಜ್ಜಿ ಇರುವಾಗಲೇ ಯಾವ ಸೀರೆ ಯಾರದ್ದೆಂದು ಕೇಳಿ, ಬಿಳಿ ಬಟ್ಟೆಯ ಒಂದು ತುಂಡಿಗೆ ಅದನ್ನೂ ಬರೆದು ಹಿಂಬದಿಗೆ ಹೊಲಿಯಲಿ.