ಬೆಕ್ಕಿಗೊಂದು ಮನೆ, ಮನೆಗೊಂದು ಬೆಕ್ಕು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರನ ಆಸ್ತಿಯ ಒಂದು ಪಾಲು ತೋಟದಲ್ಲಿದ್ದರೆ ಇನ್ನೊಂದು ಪಾಲು ಅಟ್ಟದಲ್ಲಿರುತ್ತದೆ. ಉಂಡೆ ಕೊಬ್ಬರಿಗಾಗಿ ಬಲಿತ ಕಾಯನ್ನು ಸಿಪ್ಪೆ ಸಮೇತ 8ರಿಂದ 12 ತಿಂಗಳು ಅಟ್ಟದ ಮೇಲೆ ಇಡಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದರೆ ಸದ್ದು ಮಾಡಬೇಕು. ಅಷ್ಟು ಕಾಲ ಅದನ್ನು ಇಲಿಯಿಂದ ಕಾಯುವವರು ಯಾರು? ಮರ ಹತ್ತುವ ಇಲಿಯನ್ನು ತಡೆಯಲು ಕಾಂಡಕ್ಕೆ ತಗಡು ಸುತ್ತುವ ಉಪಾಯ ಉಂಟು. ಮನೆಯೊಳಗಿನ ಇಲಿಗೆ ಬೆಕ್ಕೇ ಹಳೆಯ ಉಪಾಯ. ನೆಂಟರ ಊರಲ್ಲಿ ಬೆಕ್ಕು ಈದರೆ ನಮಗೊಂದು ಮರಿ ಇರಲಿ ಎಂದು ಹೇಳಿಟ್ಟು, ಚೀಲದಲ್ಲಿ ಹಾಕಿ ತರುವ ವಾಡಿಕೆ ಹಳ್ಳಿಗಳಲ್ಲಿ ಇಂದು ನಿನ್ನೆಯದಲ್ಲ.

ಹೆಚ್ಚಾದ ಕಡೆಯಿಂದ ಬೇಕಾದ ಕಡೆಗೆ ಬೆಕ್ಕನ್ನು ಸಾಗಿಸುವ ಕೆಲಸವನ್ನು ಇಂದು ನಗರಗಳ ಪ್ರಾಣಿದಯಾ ಸಂಘಗಳೂ ಮಾಡುತ್ತಿವೆ. ಆದರೆ ಈ ವಿಚಾರಕ್ಕೆ ಶತಮಾನದ ಹಿಂದೆಯೇ ಒಂದು ಗಂಭೀರ ಕಾರಣ ಒದಗಿತ್ತು. ಅದು ಪ್ಲೇಗು.

ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆಗಳ ಮೂಲಕ ಹರಿಹರ ಮುಟ್ಟುವ ರೈಲು ಹಾದಿ 1889ರ ಹೊತ್ತಿಗೆ ಸಿದ್ಧವಾಗಿತ್ತು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಮನೆಯಲ್ಲಿ ಇಲಿ ಬಿತ್ತೆಂದರೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿಯ ಮೈಮೇಲಿನ ಚಿಗಟವೇ ರೋಗ ಹರಡುತ್ತದೆಂದು ಫ್ರೆಂಚ್ ವೈದ್ಯ ಸಿಮೊಂಡ್ ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ ವರ್ಷ. ಇಲಿಯೇ ಮೂಲವಾದರೆ ಬೆಕ್ಕೇಕೆ ಮದ್ದಾಗಬಾರದು? ಇಂಡಿಯನ್ ಮೆಡಿಕಲ್ ಸರ್ವೀಸ್‌ನ ವೈದ್ಯ ಆಂಡ್ರ್ಯೂ ಬುಕಾನನ್ 1908ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಹೀಗೆಯೇ ವಾದಿಸಿದರು. ಬೆಕ್ಕು ಹೆಚ್ಚಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆ ಎಂಬುದು ಅವರ ಅನುಭವ. ಬೆಕ್ಕಿಗೂ ಪ್ಲೇಗು ತಗಲುತ್ತದೆ, ಅದರಿಂದ ಮನುಷ್ಯರಿಗೂ ಬರಬಹುದು ಎಂಬುದು ಈಗ ತಿಳಿದಿರುವ ಸಂಗತಿ. ಆದ್ದರಿಂದ ಆ ವಾದವನ್ನು ಪೂರ್ತಿ ಒಪ್ಪಲಾಗದು.

ಇಲಿಯ ಕಾಟಕ್ಕೆ ಅರಸನೇ ಬೆಕ್ಕು ಹಂಚಿದ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಕೃಷ್ಣದೇವರಾಯ ಮನೆಮನೆಗೂ ಬೆಕ್ಕನ್ನೂ ಅದರ ಹಾಲಿಗೆಂದು ಹಸುವನ್ನೂ ಕೊಟ್ಟನಂತೆ. ತೆನಾಲಿ ರಾಮಕೃಷ್ಣ ಬಿಸಿ ಹಾಲು ಕುಡಿಸಿ, ಹಾಲು ಕಂಡರೆ ಓಡುವಂತೆ ಬೆಕ್ಕನ್ನು ಹೆದರಿಸಿದನಂತೆ. ಇದು ಇತಿಹಾಸವಲ್ಲ, ಜನರ ಕಥೆ. ಆದರೂ ಅದರಲ್ಲೊಂದು ತಿಳಿವಳಿಕೆ ಇದೆ. ಕೇಳದವನ ಮನೆಗೆ ಆಜ್ಞೆಯಿಂದ ಬಂದ ಬೆಕ್ಕು ಸುಖಪಡಲಿಲ್ಲ.

ಕೇಳಿದವರಿಗೆ ಬೆಕ್ಕು ಕಳಿಸಿದ ನಿಜ ಘಟನೆಯೂ ಉಂಟು. ಬೋರ್ನಿಯೋ ದ್ವೀಪದ ಸರಾವಾಕ್‌ನಲ್ಲಿ ಮಲೇರಿಯಾ ಸೊಳ್ಳೆಗೆಂದು ಗುಡಿಸಲುಗಳಿಗೆ ಡಿಡಿಟಿ ಸಿಂಪಡಿಸಿದ್ದರು. ಮೈ ನೆಕ್ಕಿಕೊಳ್ಳುವ ಬೆಕ್ಕುಗಳು ಆ ವಿಷದಿಂದ ಸತ್ತವೆಂಬ ವರದಿಗಳು ಬಂದವು. 1960ರ ಮಾರ್ಚ್‌ನಲ್ಲಿ ಬ್ರಿಟಿಷ್ ವಾಯುಪಡೆಯ ವಿಮಾನವೊಂದು ಬಾರಿಯೊ ಎಂಬ ಗುಡ್ಡಗಾಡು ಊರಿಗೆ ಇತರ ಸಾಮಾನಿನ ಜೊತೆಗೆ ಇಪ್ಪತ್ತಕ್ಕೂ ಹೆಚ್ಚು ಬೆಕ್ಕುಗಳನ್ನು ಬುಟ್ಟಿಗಳಲ್ಲಿಟ್ಟು ಪ್ಯಾರಾಚೂಟ್ ಮೂಲಕ ಇಳಿಸಿತು. ಅಲ್ಲಿ ಇಲಿಗಳು ಬೆಳೆ ತಿನ್ನುತ್ತಿದ್ದವು. 14 ಸಾವಿರ ಬೆಕ್ಕುಗಳನ್ನು ಇಳಿಸಿದರೆಂಬುದು ಬಾಯಿಂದ ಬಾಯಿಗೆ ಬೆಳೆದ ಮಾತು.

ತೆಂಗಿನ ಸೀಮೆಗೆ ಈ ದೂರದ ಕಥೆ ಹತ್ತಿರದ್ದೇ. ತೋಟದ ಇಲಿಗೆ ಇಂದು ಬ್ರೊಮಡಿಯೋಲೋನ್‌ನಂಥ ವಿಷದ ಬಿಲ್ಲೆ ಇಡುವುದುಂಟು. ಅದನ್ನು ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ನಿಧಾನವಾಗಿ ಓಡಾಡುತ್ತಿರುತ್ತದೆ. ಅಂಥ ಇಲಿ ಬೆಕ್ಕಿಗೆ ಸುಲಭದ ಬೇಟೆ. ಇಲಿಯ ಹೊಟ್ಟೆಯ ವಿಷ ಬೆಕ್ಕಿನ ಹೊಟ್ಟೆ ಸೇರುತ್ತದೆ. ಅಟ್ಟ ಕಾಯಲು ತಂದ ಬೆಕ್ಕು ಅಟ್ಟದ ಕೆಳಗೇ ಸಾಯುತ್ತದೆ.

ಆದ್ದರಿಂದ ನಗರದಲ್ಲಿ ಉಳಿಸಿದ ಮರಿಯನ್ನು ಹಳ್ಳಿಗೆ ಕೊಡುವವರು ಬೇಕೋ ಬೇಡವೋ ಎಂದಷ್ಟೇ ಕೇಳಿದರೆ ಸಾಲದು. ಇಲಿಪಾಷಾಣ ಇಡುತ್ತೀರಾ ಎಂದೂ ಕೇಳಬೇಕು. ಸಂತಾನಹರಣ ಚಿಕಿತ್ಸೆ ಮಾಡಿಸಿ ಕೊಡಬೇಕು. ಇಲ್ಲವಾದರೆ ಇಲ್ಲಿನ ಹೆಚ್ಚಳ ಅಲ್ಲಿಯ ಹೆಚ್ಚಳವಾಗುತ್ತದೆ. ತಂದವರೂ ಕೆಲವು ದಿನ ಮನೆಯೊಳಗೇ ಇರಿಸಿಕೊಂಡು ಅನ್ನ ಹಾಕಬೇಕು. ತೋಟದ ಬದುವಿನಲ್ಲಿ ಬಿಟ್ಟು ಹೋದ ಮರಿಗೆ ಅದು ಸ್ಥಳಾಂತರವಲ್ಲ, ಪರಿತ್ಯಾಗ. ನಮಗೊಂದಿರಲಿ ಎಂದು ಮೊದಲೇ ಹೇಳಿಟ್ಟ ಮನೆಯಷ್ಟೇ ಬೆಕ್ಕಿನ ಮನೆ.