ಸಾಹುಕಾರ: ಒಂದು ಪದದ ಲೆಕ್ಕ

ತುರ್ವಿಹಾಳದ ನಮ್ಮ ಕೇರಿಯಲ್ಲಿ ಸಾಲ ಕೊಡುವವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. 'ಸಾವ್ಕಾರ್ರು' ಅಂದರೆ ಸಾಕು. ನಮ್ಮಜ್ಜಿ ಮಾತ್ರ ಆ ಪದವನ್ನು ಒಡೆದು ಹೇಳುತ್ತಿದ್ದಳು: "ಸಾವು ತರಾಂವ ಸಾವ್ಕಾರ, ತಿಳೀತಿಲ್ಲೋ ತಮ್ಮಾ?" ಅದೇ ನಿಜವೆಂದು ನಾನು ಬಹಳ ದಿನ ನಂಬಿದ್ದೆ.

ಆಮೇಲೆ ನಿಘಂಟು ಓದಿದೆ. ಸಂಸ್ಕೃತದ 'ಸಾಧು' ಪ್ರಾಕೃತದಲ್ಲಿ 'ಸಾಹು' ಆಯಿತು. ಅದರಿಂದ ಹಿಂದುಸ್ತಾನಿಯ 'ಸಾಹೂಕಾರ್', ಅದರಿಂದ ನಮ್ಮ ಸಾಹುಕಾರ. ಸಾಧು ಅಂದರೆ ಒಳ್ಳೆಯವನು, ಪ್ರಾಮಾಣಿಕ. 'ಸೆಟ್ಟಿ'ಯ ಮೂಲವೂ ಇಂಥದೇ: ಶ್ರೇಷ್ಠಿ. ಹುಂಡಿ ನಡೆಯುತ್ತಿದ್ದುದು ನಂಬಿಕೆಯ ಮೇಲೆ. ಹಾಗಾಗಿ ವ್ಯಾಪಾರಿಗಳ ನಡುವೆ ಈ ಹೆಸರಿಗೆ ಅರ್ಥವಿತ್ತು, ಒಪ್ಪೋಣ. ಆದರೆ ಆ ಸಾಧುತನವನ್ನು ಪರೀಕ್ಷಿಸುವ ದಾರಿ ಕೇರಿಯವನಿಗೆ ಎಲ್ಲಿತ್ತು? ಪುಸ್ತಕ ಅವರದು, ಅಕ್ಷರ ಅವರದು. ನಮ್ಮದು ಹೆಬ್ಬೆಟ್ಟು ಅಷ್ಟೆ.

ಹಾಗಾದರೆ ಸಾಲಕ್ಕಾಗಿ ದುಡಿದವನ ಹೆಸರೇನಾಯಿತು? 'ಜೀತ' ಎಂಬುದು 'ಜೀವಿತ'ದ ತದ್ಭವ. ಮೊದಲು ಅದಕ್ಕೆ ಸಂಬಳವೆಂದೇ ಅರ್ಥ, ಬದುಕಲು ಸಿಗುವ ಕೂಲಿ. ಆ ಪದವೇ ಕೂಲಿಯಿಲ್ಲದ ದುಡಿಮೆಗೆ ಅಂಟಿಕೊಂಡಿತು. ಜೀತಪದ್ಧತಿಯನ್ನು ನಿರ್ಮೂಲ ಮಾಡಿದ 1976ರ ಕೇಂದ್ರ ಕಾಯ್ದೆಯನ್ನು ತೆರೆದು ನೋಡಿ. ದೇಶದ ಜೀತದ ಬಗೆಗಳನ್ನು ಅದು ಪಟ್ಟಿ ಮಾಡುತ್ತದೆ. ಹೈದರಾಬಾದ್ ಸಂಸ್ಥಾನದ 'ಭಾಗೇಲಾ' ಅಲ್ಲಿದೆ, 'ಜೀತ' ಇದೆ, ಜತೆಗೆ 'ಹೊಲ್ಯ' ಎಂಬುದೂ ಇದೆ. ಓದಿದಾಗ ನನ್ನ ಕೈ ನಡುಗಿತು. ಸಾಲ ಕೊಟ್ಟವನ ಕಸುಬಿಗೆ ಸದ್ಗುಣವೊಂದು ಹೆಸರಾಯಿತು. ಸಾಲ ಹೊತ್ತವನ ಜಾತಿಯೇ ಗುಲಾಮಗಿರಿಯ ಹೆಸರಾಯಿತು. ಇದು ಬರೀ ಭಾಷೆಯ ಆಕಸ್ಮಿಕವೆಂದು ಹೇಗೆ ಹೇಳುವುದು?

ಈಗ ಸಾವ್ಕಾರ ಎನ್ನುವವರು ಕಡಿಮೆ, 'ಫೈನಾನ್ಸಿನವರು' ಅನ್ನುತ್ತಾರೆ. ವಾರದ ಕಂತಿಗೆ ನಮ್ಮ ಹೆಣ್ಣುಮಕ್ಕಳು ಸಾಲಾಗಿ ಕೂರುತ್ತಾರೆ. ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹೆಸರು ಬದಲಾದರೆ ಹೊರೆ ಇಳಿಯುವುದಿಲ್ಲ.

ಭಾಷಾಶಾಸ್ತ್ರದ ಪ್ರಕಾರ ಅಜ್ಜಿಯ ಮಾತು ತಪ್ಪು. ಆದರೆ ನಿಘಂಟಿನ ಅರ್ಥ ಕೊಟ್ಟವರ ಪುಸ್ತಕದ್ದು. ಅಜ್ಜಿಯದು, ತೀರಿಸುತ್ತಲೇ ತೀರಿಹೋದವರ ಲೆಕ್ಕ. ದಲಿತ ವಿಮರ್ಶೆ ಈ ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ನಾವು ಅಕ್ಷರ ಕಲಿತದ್ದು ಆ ಪುಸ್ತಕ ತಪಾಸಣೆ ಮಾಡಲಿಕ್ಕೇ ಅಲ್ಲವೆ?